ದೋಣಿ ಆಟಕ್ಕೆ ಮೂರು ವರ್ಷ

ತಿರುಪ್ಪೂರಿನಲ್ಲಿ ಬನಿಯನ್ ಕಂಪನಿ ನಡೆಸುವ ಯಾರನ್ನಾದರೂ ನಿಲ್ಲಿಸಿ, ಡೆಲಿವರಿ ಯಾವಾಗ ಎಂದು ಕೇಳಿ ನೋಡಿ. ಬಾಯಲ್ಲಿ ತಾರೀಖು ಸಿದ್ಧವಾಗಿರುತ್ತದೆ. ನೂಲು ಇನ್ನೂ ಮಿಲ್ಲಿನಲ್ಲೇ ಇರಲಿ, ಬಣ್ಣ ಹಾಕುವವನು ಫೋನ್ ಎತ್ತದಿರಲಿ, ದೀಪಾವಳಿಗೆಂದು ಬಿಹಾರಕ್ಕೆ ಹೋದ ಟೈಲರುಗಳು ವಾಪಸು ರೈಲೇ ಹತ್ತದಿರಲಿ, ತಾರೀಖಿಗೆ ಮಾತ್ರ ಬರಗಾಲವಿಲ್ಲ. ಆ ತಾರೀಖಿಗೆ ಮಾಲು ಹೋಗುತ್ತದೆಯೇ ಎಂದು ಕೇಳಿದರೆ ಮುಖ ಬೇರೆ ಕಡೆ ತಿರುಗುತ್ತದೆ. ಮೊದಲು ಆರ್ಡರ್ ಕೈಗೆ ಬರಲಿ, ಆಮೇಲೆ ಎರಡು ಶಿಫ್ಟ್ ಹಾಕಿದರಾಯಿತು, ಅರ್ಧ ಮಾಲನ್ನು ಪಕ್ಕದವನಿಗೆ ಹೊಲಿಯಲು ಕೊಟ್ಟರಾಯಿತು, ಅದೂ ಆಗದಿದ್ದರೆ ಮಾಲು ಕೊಳ್ಳುವ ಬಯ್ಯರ್ ಕಾಲು ಹಿಡಿದು ಎರಡು ವಾರ ಕೇಳಿದರಾಯಿತು. ಊರು ನಡೆಯುವುದೇ ಹೀಗೆ. ಇಂದುಜಾ ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಿ, ಇಂಥದ್ದೇ ಒಂದು ಕಂಪನಿಯ ಮಹಡಿಯ ಮೇಲೆ. ಆದರೂ ಈ ಚಾಳಿ ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು.

ಕಂಪನಿ ಅವಳ ಅಪ್ಪ ಮಾರಪ್ಪನ್ ಅವರದು. ತಲೆಮಾರುಗಳಿಂದ ತಮಿಳುನಾಡಿನಲ್ಲೇ ನೆಲೆಸಿದ ಅವರ ಮನೆಮಾತು ತಮಿಳು ಬೆರೆತ ಕನ್ನಡ. ಅಣ್ಣ ಗೋಪಿನಾಥ್ ಬಯ್ಯರುಗಳ ಜೊತೆ ಮಾತುಕತೆ, ಮೇಲ್, ಸ್ಯಾಂಪಲ್ ಎಲ್ಲ ನೋಡಿಕೊಳ್ಳುತ್ತಿದ್ದ. ಮೂವತ್ತು ದಾಟಿದ ಇಂದುಜಾ ಬೆಳಗಿನ ಹೊತ್ತು ಮಕ್ಕಳ ಟೀಶರ್ಟಿನ ಮೇಲೆ ಅಚ್ಚಾಗುವ ಆನೆ, ಕರಡಿ, ರಾಕೆಟ್ಟುಗಳನ್ನು ಕಂಪ್ಯೂಟರಿನಲ್ಲಿ ಬರೆದುಕೊಡುತ್ತಿದ್ದಳು. ಊಟವಾದ ಮೇಲಿನ ಹೊತ್ತು ಅವಳದು. ಆ ಹೊತ್ತಿನಲ್ಲಿ ಅವಳು ದೋಣಿ ಆಟ ಕಟ್ಟುತ್ತಿದ್ದಳು.

ದೋಣಿ ಆಟಕ್ಕೆ ಇಂಗ್ಲಿಷಿನಲ್ಲಿ ಬೇರೇನೋ ಹೆಸರಿತ್ತು. ಮನೆಯಲ್ಲಿ ಯಾರೂ ಆ ಹೆಸರು ಹಿಡಿದು ಕರೆದವರಲ್ಲ. ಅವಳು ಚಿಕ್ಕವಳಿದ್ದಾಗ ಟಿವಿಗೆ ಸಿಕ್ಕಿಸಿ ಆಡುವ ಕ್ಯಾಸೆಟ್ಟಿನಲ್ಲಿ ಬಂದ ವಿಡಿಯೋ ಗೇಮ್ ಅದು. ಒಬ್ಬ ಅಂಬಿಗ, ಒಂದು ದೋಣಿ, ಹನ್ನೆರಡು ನದಿ. ಈಚೆ ದಡದಲ್ಲಿ ನಿಂತವರನ್ನೆಲ್ಲ ಮುಳುಗಿಸದೆ ಆಚೆ ದಡ ಮುಟ್ಟಿಸಬೇಕು. ನೀರೆಂದರೆ ಎರಡು ನೀಲಿ ಗೆರೆ, ಅಷ್ಟೇ. ಆದರೆ ಬೆರಳು ಗುಂಡಿಯಿಂದ ಎತ್ತಿದ ಮೇಲೂ ದೋಣಿ ಒಂದಿಷ್ಟು ಮುಂದಕ್ಕೆ ಜಾರುತ್ತಿತ್ತು. ಆ ಜಾರುವಿಕೆಯಲ್ಲೇ ಇಡೀ ಆಟದ ಪ್ರಾಣವಿತ್ತು. ಅದನ್ನು ಈಗಿನ ಕಂಪ್ಯೂಟರಿಗೆ, ಈಗಿನವರ ಕಣ್ಣಿಗೆ ತಕ್ಕ ಹಾಗೆ ಮೊದಲಿನಿಂದ ಕಟ್ಟಲು ಇಂದುಜಾ ಹೊರಟಿದ್ದಳು, ಅದೂ ಒಬ್ಬಳೇ. ಚಿತ್ರ ಅವಳದು, ಪ್ರೋಗ್ರಾಮ್ ಅವಳದು. ನೀರಿನ ಸದ್ದು ಕೂಡ ಅವಳೇ ಕಾರಮಡೈಯಲ್ಲಿದ್ದ ಸೋದರತ್ತೆಯ ಬಾಳೆತೋಟದ ಕಾಲುವೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ರೆಕಾರ್ಡ್ ಮಾಡಿಕೊಂಡು ಬಂದದ್ದು.

ಮದುವೆ ಯಾವಾಗ ಎಂದು ಕೇಳಿ ಕೇಳಿ ಸೋತ ನೆಂಟರು ಈಗ ಆಟ ಯಾವಾಗ ಎಂದು ಕೇಳತೊಡಗಿದ್ದರು. ಅದಕ್ಕೊಂದು ಕಾರಣವೂ ಇತ್ತು. ಅನ್ನೂರಿನ ಹತ್ತಿರ, ಅಮ್ಮನ ತವರಿನ ಕಡೆಯಿಂದ ಬಂದ ಜಾಗದಲ್ಲಿ, ಮಾರಪ್ಪನ್ ಒಂದು ಶೆಡ್ ಎಬ್ಬಿಸುತ್ತಿದ್ದರು. ಬಟ್ಟೆಯ ಮೇಲೆ ಚಿತ್ರ ಅಚ್ಚು ಹಾಕುವ ದೊಡ್ಡ ಮಿಷನ್ ಅಲ್ಲಿಗೆ ಬರಬೇಕು, ಅದನ್ನು ಇಂದುಜಾ ನೋಡಿಕೊಳ್ಳಬೇಕು. ಆಟ ಮುಗಿಯಲಿ, ಬರುತ್ತೇನೆ ಎಂದು ಅವಳೇ ಒಂದು ದಿನ ಒಪ್ಪಿಕೊಂಡಿದ್ದಳು. ಅಂದಿನಿಂದ ಆಟ ಮುಗಿಯುವ ದಿನ ಮನೆಮಂದಿಯ ಸ್ವತ್ತಾಯಿತು.

ಹಾಗಿರುವಾಗ ಹೊರದೇಶದ ಕಂಪನಿಯ ಪ್ರಕಟಣೆ ಬಂತು. ದೋಣಿ ಆಟದ ಹಕ್ಕು ಈಗ ಆ ಕಂಪನಿಯ ಕೈಯಲ್ಲಿತ್ತು. ನಮ್ಮ ಹಳೆಯ ಆಟಗಳನ್ನು ಒಂಟಿಯಾಗಿ ಹೊಸದು ಮಾಡುತ್ತಿರುವವರಿಗೆ ಅನುಮತಿ ಕೊಡುತ್ತೇವೆ. ಮಾಡಿದಷ್ಟು ತೋರಿಸಿ, ಇನ್ನು ಎಷ್ಟು ಕಾಲ ಬೇಕು ಹೇಳಿ. ಒಂದು ಆಟ ಒಬ್ಬರಿಗೇ ಎಂದಿತ್ತು ಅದರಲ್ಲಿ. ಅನುಮತಿ ಇಲ್ಲದಿದ್ದರೆ ಅವಳ ಆಟ ಅವಳ ಕೋಣೆಯಿಂದ ಆಚೆ ಹೋಗುವಂತಿರಲಿಲ್ಲ. ಇದ್ದರೆ ಅದು ಲೋಕದ ಎಲ್ಲ ಕಡೆ, ಅವಳ ಹೆಸರಿನಲ್ಲಿ ಹೊರಬರಬಹುದಿತ್ತು.

ಎಷ್ಟು ಕಾಲ ಬೇಕು ಎಂಬ ಪ್ರಶ್ನೆಗೆ ಉತ್ತರ ಬರೆಯಲು ಇಂದುಜಾ ಒಂದು ವಾರ ತೆಗೆದುಕೊಂಡಳು. ನಾಲ್ಕು ನದಿ ಮುಗಿದಿದ್ದವು. ಬನಿಯನ್ ಕಂಪನಿಯ ಲೆಕ್ಕವಾದರೆ ಮೊದಲ ಪೀಸೇ ಕಷ್ಟ. ಸ್ಯಾಂಪಲ್ ಒಪ್ಪಿಗೆಯಾದರೆ ಉಳಿದದ್ದು ಕೈ ಓಡಿದಷ್ಟು ಬೇಗ ಓಡುತ್ತದೆ. ಆಟ ತದ್ವಿರುದ್ಧ. ನಾಲ್ಕನೆಯ ನದಿಗೆ ಗಾಳಿ ಬಂದಾಗ ದೋಣಿಯ ತೂಕ ಬದಲಿಸಬೇಕಾಯಿತು. ತೂಕ ಬದಲಿಸಿದರೆ ಮೊದಲ ಮೂರು ನದಿಯಲ್ಲೂ ದೋಣಿ ಬಂಡೆಗೆ ಹೋಗಿ ಬಡಿಯತೊಡಗಿತು. ಮುಗಿದದ್ದನ್ನೆಲ್ಲ ಮತ್ತೆ ಬಿಚ್ಚಿ ಹೊಲಿದಳು. ಮುಂದೆ ಪ್ರವಾಹದ ನದಿ ಇದೆ, ಮಂಜಿನ ನದಿ ಇದೆ, ದೋಣಿಯಲ್ಲಿ ಎಮ್ಮೆ ಹತ್ತುವ ನದಿಯೂ ಇದೆ. ಒಂದೊಂದು ಬಂದಾಗಲೂ ಹಿಂದಿನವೆಲ್ಲ ಕೆಡುತ್ತವೆ. ಇದನ್ನೆಲ್ಲ ಯೋಚಿಸಿ, ಒಂದು ವರ್ಷ ಎಂದು ಬರೆಯಲು ಹೊರಟ ಕೈಯನ್ನು ಹಲವು ಸಲ ಹಿಂದಕ್ಕೆಳೆದು, ಕೊನೆಗೆ ಮೂರು ವರ್ಷ ಎಂದು ಬರೆದಳು. ಅದು ಅವಳು ಬದುಕಿನಲ್ಲಿ ಮಾಡಿದ ಅತ್ಯಂತ ಪ್ರಾಮಾಣಿಕ ಲೆಕ್ಕವಾಗಿತ್ತು.

ಕಳಿಸಿದ್ದು ಗೋಪಿನಾಥ್. ಹೊರದೇಶದವರಿಗೆ ಎಕ್ಸ್‌ಪೋರ್ಟ್ ಕಂಪನಿಯ ಮೇಲ್‌ನಿಂದ ಹೋದರೆ ಮರ್ಯಾದೆ ಜಾಸ್ತಿ, ಇಂಗ್ಲಿಷನ್ನೂ ಒಂಚೂರು ತಿದ್ದಿ ಕಳಿಸುತ್ತೇನೆ ಎಂದ. ಇಂದುಜಾ ಒಪ್ಪಿದಳು. ಅಣ್ಣನ ಇಂಗ್ಲಿಷ್ ನಿಜವಾಗಿಯೂ ಚೆನ್ನಾಗಿತ್ತು.

ತಿಂಗಳು ಕಳೆದು ಒಂದು ಮಧ್ಯಾಹ್ನ ಮನೆಯವರೆಲ್ಲ ಊಟಕ್ಕೆ ಕೂತಿದ್ದಾಗ ಗೋಪಿನಾಥ್ ಮೆಟ್ಟಿಲು ಹತ್ತಿ ಬಂದ. ಕೈ ತೊಳೆಯುವ ಮೊದಲೇ ಫೋನ್ ಮೇಲೆತ್ತಿ ಹಿಡಿದ.

"ಇಂದೂ, ದೋಣಿ ಆಟದ್ ಆರ್ಡರ್ ನಮ್ಗೇ ಬಂತು. ಸೈನ್ ಮಾಡಿ ಕಳ್ಸೋದೊಂದೇ ಬಾಕಿ."

ಇಂದುಜಾಳ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ಅಮ್ಮ ಲಕ್ಷ್ಮಿಯಮ್ಮಾಳ್ ದೃಷ್ಟಿ ತೆಗೆಯುವ ಹಾಗೆ ಮಗಳ ಕೆನ್ನೆ ಸವರಿ ನೆಟಿಕೆ ಮುರಿದರು. ಅತ್ತಿಗೆ ಚಂದ್ರಾ ಅಡುಗೆಮನೆಯಿಂದ ಸಕ್ಕರೆ ಡಬ್ಬಿ ತಂದಳು. ಆ ಒಂದು ಗಳಿಗೆ ಇಂದುಜಾಳಿಗೆ ಎಲ್ಲರ ಮೇಲೂ ಪ್ರೀತಿ ಉಕ್ಕಿ ಬಂತು, ಅಣ್ಣನ ಮೇಲಂತೂ ಇನ್ನಷ್ಟು.

"ಹದ್ನಾಲ್ಕ್ ತಿಂಗ್ಳೊಳ್ಗೆ ಕೊಟ್ಬಿಟ್ರೆ ಸಾಕು," ಎಂದ ಗೋಪಿನಾಥ್, ತಟ್ಟೆ ಎಳೆದುಕೊಳ್ಳುತ್ತ.

"ಎಷ್ಟು?"

"ಹದ್ನಾಲ್ಕು. ನೀನ್ ಮೂರ್ ವರ್ಷ ಅಂತ ಬರ್ದಿದ್ದೆ. ಯಾರ್ ಕೊಡ್ತಾರೆ ಮೂರ್ ವರ್ಷ? ನಾನೇ ಅದನ್ನ ಮಾತ್ತಿ ಹದ್ನಾಲ್ಕ್ ತಿಂಗ್ಳು ಅಂತ ಹಾಕ್ದೆ. ಅದ್ಕೇ ಬಂತು."

ಅವನು ಅದನ್ನು ಮುಚ್ಚಿಡಲೂ ಇಲ್ಲ, ನಾಚಿಕೊಳ್ಳಲೂ ಇಲ್ಲ. ಉಪಕಾರ ಮಾಡಿದವನ ಗತ್ತಿನಲ್ಲಿ ಸಾಂಬಾರು ಹಾಕಿಸಿಕೊಂಡ. ಇಂದುಜಾಳ ದನಿ ಅವಳದೇ ಅಲ್ಲವೇನೋ ಎನ್ನುವಷ್ಟು ತಣ್ಣಗಿತ್ತು.

"ಹದ್ನಾಲ್ಕ್ ತಿಂಗ್ಳಲ್ಲಿ ಮುಗೀದೆ ಹೋದ್ರೆ ಏನಂತ ಐತೆ ಅದ್ರಲ್ಲಿ?"

"ಪರ್ಮಿಷನ್ ಹೋಗ್ತೈತೆ. ಮಾಡಿರೋದ್ ಅಷ್ಟೂ ಅವ್ರಿಗ್ ಒಪ್ಪಿಸ್ಬೇಕು. ಅದೆಲ್ಲ ಬರಿ ಪೇಪರ್ ಮೇಲೆ, ಇಂದೂ. ನಮ್ ಬಯ್ಯರ್ಸ್ ಏನೇನ್ ಬರೀತಾರೆ, ನೋಡಿಲ್ವಾ? ತಾರೀಖ್ ಬರೋ ನೇರಕ್ಕೆ ಒಂದ್ ಮೇಲ್ ಹಾಕಿ ಮೂರ್ ತಿಂಗ್ಳು ಕೇಳ್ಕೋಳೋದು."

"ಮೂರ್ ತಿಂಗ್ಳು ಅಲ್ಲ ಅಣ್ಣಾ. ಹತ್ರತ್ರ ಎರಡ್ ವರ್ಷ ಕಮ್ಮಿ ಬೀಳ್ತೈತೆ."

"ಅಪ್ಪೊ, ಹಂಗಾದ್ರೆ ಎರಡ್ ಶಿಫ್ಟ್ ಹಾಕು."

ಇಂದುಜಾ ಎದ್ದು ನಿಂತಳು. "ಯಾರಿಗ್ ಹಾಕ್ಲಿ ಎರಡ್ ಶಿಫ್ಟು? ಬೆಳಿಗ್ಗೆ ನಾನು, ಸಾಯಂಕಾಲ ಇನ್ನೊಬ್ಬ ನಾನಾ? ಒಬ್ರೇ ಮಾಡ್ಬೇಕು ಅಂತ ಅವ್ರೇ ಹೇಳವ್ರೆ. ಪಕ್ಕದ್ ಕಂಪನಿಗೆ ಕಳ್ಸಿ ಹೊಲ್ಸ್ಕೊಂಡ್ ಬರೋಕೆ ಅದೇನ್ ತೋಳಾ, ಕಾಲರಾ?"

"ಅದ್ಯಾಕ್ ಹಿಂಗ್ ಕೂಗಾಡ್ತೀಯ, ಅಮ್ಮಿಣಿ," ಎಂದರು ಮಾರಪ್ಪನ್, ಎಂದಿನ ಮುದ್ದಿನ ಹೆಸರಿನಲ್ಲಿ. "ಮೊದ್ಲು ಕೈಗ್ ಬಂದಿದ್ದು ಹಿಡ್ಕೋ. ನಾನ್ ಈ ಕಂಪನಿ ಶುರು ಮಾಡ್ದಾಗ ನಾಲ್ಕೇ ಮಿಷನ್. ಎಷ್ಟ್ ದಿನ ಆಗ್ತೈತೆ ಅಂತ ನಿಜ ಹೇಳಿದ್ದಿದ್ರೆ ಇವತ್ತೂ ನಾಲ್ಕೇ ಇರ್ತಿತ್ತು."

ಅಪ್ಪನ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ಅವಳನ್ನು ಇನ್ನಷ್ಟು ಕೆರಳಿಸಿತು. ಈ ಮನೆಯ ಗೋಡೆ, ನೆಲ, ತಾನು ಓದಿದ ಕಾಲೇಜು, ತನ್ನ ಕಂಪ್ಯೂಟರು ಎಲ್ಲವೂ ಬಂದದ್ದು ಅಂಥ ತಾರೀಖುಗಳಿಂದಲೇ. ಆದರೆ ಆ ತಾರೀಖನ್ನು ಉಳಿಸಲು ಕೆಳಗೆ ಹಗಲು ರಾತ್ರಿ ಪೆಡಲ್ ತುಳಿದವರು ಅಪ್ಪನೂ ಅಲ್ಲ, ಅಣ್ಣನೂ ಅಲ್ಲ. ಈಗ ತುಳಿಯಬೇಕಾದವಳು ತಾನು. ತನ್ನ ಕಾಲಿನ ಪರವಾಗಿ ತನ್ನನ್ನೇ ಕೇಳದೆ ಮಾತು ಕೊಟ್ಟು ಬಂದಿದ್ದಾರೆ.

ಕೈ ತೊಳೆದು ಕೋಣೆಗೆ ಹೋಗುವಾಗ ಅಮ್ಮ ಹಿಂದೆಯೇ ಬಂದರು. ಲಕ್ಷ್ಮಿಯಮ್ಮಾಳರಿಗೆ ಜಗಳವೆಂದರೆ ಆಗದು. ಮಗಳ ತಲೆ ನೇವರಿಸಿ ಸಮಾಧಾನ ಮಾಡಲು ಹೊರಟು, ಅವರು ಬಾಯಿ ತಪ್ಪಿಯಲ್ಲ, ಸಹಜವಾಗಿಯೇ ಒಂದು ಮಾತು ಹೇಳಿದರು.

"ಬಿಡು ನನ್ ಕಣ್ಣು. ಹೆಂಗೂ ಸರಿಹೋಯ್ತಲ್ಲ. ಅನ್ನೂರ್ ಮಿಷನ್ನಿಗೆ ಅದನ್ ಮಾರೋ ಅಂಗಪ್ಪನ್ ಹತ್ರ ನಿಮ್ಮಣ್ಣ ಅಡ್ವಾನ್ಸ್ ಕೊಟ್ಟು ದಿನ ಕುದ್ರಿಸವ್ನೆ. ಅದು ಬರೋಷ್ಟೊತ್ತಿಗೆ ನಿನ್ ಆಟಾನೂ ಮುಗ್ದಿರ್ತೈತೆ. ಅದ್ಕೇ ತಾನೇ ಹದ್ನಾಲ್ಕು ಅಂತ ಹಾಕಿದ್ದು?"

ಇಂದುಜಾ ಹಾಸಿಗೆಯ ಅಂಚಿನಲ್ಲಿ ಕೂತಳು. ಇಷ್ಟು ಹೊತ್ತು ಅವಳು ಅಣ್ಣನ ದಡ್ಡತನಕ್ಕೆ ಸಿಟ್ಟಾಗಿದ್ದಳು. ತಿರುಪ್ಪೂರಿನ ಬುದ್ಧಿ, ಬೇರೆ ಗೊತ್ತಿಲ್ಲ ಎಂದುಕೊಂಡಿದ್ದಳು. ಈಗ ತಿಳಿಯಿತು, ಹದಿನಾಲ್ಕು ಎಂಬ ಅಂಕಿ ದೋಣಿಯನ್ನೂ ನೋಡಿ ಬಂದದ್ದಲ್ಲ, ನದಿಯನ್ನೂ ನೋಡಿ ಬಂದದ್ದಲ್ಲ. ಅದು ಮಿಷನ್ ಬರುವ ದಿನದಿಂದ ಹಿಂದಕ್ಕೆ ಎಣಿಸಿ ತೆಗೆದದ್ದು.

ಅವಳು ದಡದಡನೆ ಮೆಟ್ಟಿಲಿಳಿದು ಕಟಿಂಗ್ ಮೇಜಿನ ಹತ್ತಿರ ನಿಂತಿದ್ದ ಗೋಪಿನಾಥನ ಎದುರು ಹೋದಳು. ಸುತ್ತ ಕೆಲಸದವರಿದ್ದರು, ಕನ್ನಡ ಅವರಿಗೆ ತಿಳಿಯದು, ಸಿಟ್ಟು ಯಾರಿಗಾದರೂ ತಿಳಿಯುತ್ತದೆ.

"ನನ್ ಆಟ ಎಷ್ಟ್ ಹೊತ್ತು ಹಿಡೀತೈತೆ ಅಂತ ಅಂಗಪ್ಪನ್‌ನ ಕೇಳಿ ಬರ್ದ್ಯಾ?"

ಗೋಪಿನಾಥ್ ಕೈಯಲ್ಲಿದ್ದ ಬಟ್ಟೆಯ ತುಂಡನ್ನು ಮಡಚುತ್ತ ಆಚೀಚೆ ನೋಡಿದ. "ಮೆತ್ತಗ್ ಮಾತಾಡು. ಎಲ್ರಿಗೂ ಒಳ್ಳೇದಾಗ್ಲಿ ಅಂತ ತಾನೇ ಮಾಡ್ದೆ. ಆಟಾನೂ ನಿಂಗೆ, ಮಿಷನ್ನೂ ನಿಂಗೆ. ಎಷ್ಟ್ ವರ್ಷ ಅಂತ ಆ ರೂಮಲ್ಲಿ ಕೂತಿರ್ತೀಯ?"

"ಮೂರು."

"ಮೂರ್ ವರ್ಷ ಅಂದ್ರೆ ಅವ್ರು ಕೊಡಲ್ಲ."

"ಕೊಡ್ದಿದ್ರೆ ಬೇಡ. ನಾನ್ ಬರ್ದು ಹೇಳ್ತೀನಿ."

"ಕೈಗ್ ಬಂದಿರೋ ಆರ್ಡರನ್ನ ಯಾರಾದ್ರೂ ತಾವೇ ಕೆಡಿಸ್ಕೋತಾರಾ?" ಗೋಪಿನಾಥನ ಮುಖದಲ್ಲಿ ಈಗ ನಿಜವಾದ ಗಾಬರಿ ಇತ್ತು. ಅವನಿಗೆ ತಂಗಿ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಆರ್ಡರ್ ತಪ್ಪಿಹೋಗುವುದಕ್ಕಿಂತ ದೊಡ್ಡ ಅನಾಹುತ ಅವನ ತಲೆಯೊಳಗೆ ಇರಲಿಲ್ಲ, ಅಷ್ಟೇ.

ಸೈನ್ ಮಾಡಿಬಿಡಲೇ ಎಂದು ಅವಳಿಗೂ ಅನಿಸಿತು. ಎರಡು ದಿನ ಅನಿಸುತ್ತಲೇ ಇತ್ತು. ಸೈನ್ ಮಾಡಿ, ಹದಿನಾಲ್ಕು ತಿಂಗಳು ಉಸಿರು ಬಿಡದೆ ಓಡಿ, ದೋಣಿ ಜಾರದಿದ್ದರೂ ಜಾರುತ್ತದೆಂದು ತೋರಿಸಿ, ಎಂಟು ನದಿಗಳನ್ನು ಒಂದೇ ಅಚ್ಚಿನಲ್ಲಿ ಹೊಡೆದು ಕೊಟ್ಟುಬಿಡಬಹುದಿತ್ತು. ಆನೆ, ಕರಡಿ, ರಾಕೆಟ್ಟು ಹೊಡೆದುಕೊಡುವ ಹಾಗೆ. ಅವಳು ಅದನ್ನು ಮಾಡಬಲ್ಲಳು. ಅದೇ ಅವಳ ಹೆದರಿಕೆ. ಮೂರನೆಯ ದಿನ ತನ್ನ ಸ್ವಂತ ಮೇಲ್‌ನಿಂದ, ತನ್ನ ತಪ್ಪುತಪ್ಪು ಇಂಗ್ಲಿಷಿನಲ್ಲೇ ಬರೆದಳು: ಹದಿನಾಲ್ಕು ತಿಂಗಳು ಎಂದದ್ದು ನಾನಲ್ಲ, ನನ್ನ ಅಣ್ಣ. ಅವನು ಆಟ ಕಟ್ಟಿದವನಲ್ಲ. ಕಟ್ಟುತ್ತಿರುವವಳು ನಾನು, ನನಗೆ ಮೂರು ವರ್ಷ ಬೇಕು. ಯಾಕೆ ಬೇಕೆಂದು ನದಿ ನದಿಯಾಗಿ ವಿವರಿಸಿದಳು. ಕಳಿಸಿದ ಮೇಲೆ ಬೆನ್ನು ನೆಟ್ಟಗಾದಂತೆನಿಸಿತು. ನಿಜ ಹೇಳಿದವರಿಗೆ ಬೇರೆ ದೇಶದಲ್ಲಾದರೂ ಬೆಲೆ ಕೊಡುತ್ತಾರೆ ಎಂಬ ಆಸೆ ಅವಳಿಗಿತ್ತು.

ಉತ್ತರ ಬೇಗನೆ ಬಂತು, ಬಹಳ ನಯವಾಗಿತ್ತು. ನಿಮ್ಮ ನೇರನುಡಿಗೆ ಧನ್ಯವಾದ. ನಿಮ್ಮ ನಾಲ್ಕು ನದಿಗಳು ನಮಗೆ ತುಂಬ ಹಿಡಿಸಿದವು. ಆದರೆ ಮೂರು ವರ್ಷ ಕಾಯಲಾರೆವು, ಇದೇ ಆಟವನ್ನು ಒಂದು ವರ್ಷದಲ್ಲಿ ಮುಗಿಸಿಕೊಡುತ್ತೇನೆಂದ ಇನ್ನೊಬ್ಬರಿಗೆ ಈಗ ಅನುಮತಿ ಕೊಟ್ಟಿದ್ದೇವೆ. ಆ ಇನ್ನೊಬ್ಬನ ಕೆಲಸದ ತುಣುಕನ್ನೂ ಎಲ್ಲರಿಗೂ ಕಾಣುವಂತೆ ಹಾಕಿದ್ದರು. ಇಂದುಜಾ ನೋಡಿದಳು. ನೀರು ಕನ್ನಡಿಯಂತೆ ಹೊಳೆಯುತ್ತಿತ್ತು. ಬೆರಳೆತ್ತಿದ ಕೂಡಲೇ ದೋಣಿ ಗೂಟಕ್ಕೆ ಕಟ್ಟಿದ ಹಾಗೆ ನಿಂತುಬಿಡುತ್ತಿತ್ತು.

ಹೊರದೇಶದಲ್ಲೂ ತಿರುಪ್ಪೂರೇ ಇತ್ತು. ಇಂದುಜಾ ಕಂಪ್ಯೂಟರ್ ಮುಚ್ಚಿ, ಕೋಣೆಯ ಬಾಗಿಲು ಹಾಕಿಕೊಂಡು, ದಿಂಬಿಗೆ ಮುಖವೊತ್ತಿ ಅತ್ತಳು. ದುಃಖಕ್ಕಿಂತ ಸಿಟ್ಟಿನ ಅಳು ಅದು. ಕೆಳಗೆ ಹೊಲಿಗೆ ಮಿಷನ್ನುಗಳು ಒಂದೇ ಸಮನೆ ಓಡುತ್ತಿದ್ದವು.

ಮನೆಯಲ್ಲಿ ಯಾರೂ ಹಂಗಿಸಲಿಲ್ಲ. ಹಂಗಿಸಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ. ಎಲ್ಲರೂ ಅವಳನ್ನು ಜ್ವರ ಬಂದವಳಂತೆ ನೋಡಿಕೊಂಡರು. ಚಂದ್ರಾ ಅವಳಿಗಿಷ್ಟವೆಂದು ಹುರುಳಿ ಬೇಯಿಸಿ ಕೊಳ್ಳು ಬೇಳೆ ಕಡೆದಳು, ಗೋಪಿನಾಥ್ ಅವಳ ಪಾಲಿನ ಕರಡಿ ಚಿತ್ರಗಳನ್ನು ಹೊರಗಿನವರಿಂದ ಬರೆಸಿಕೊಂಡ. ಆ ಮುದ್ದಿನ ಹಿಂದೆ ಒಂದು ನೆಮ್ಮದಿಯ ಉಸಿರಿತ್ತು. ಆಟದ ಪೀಡೆ ತಾನಾಗಿಯೇ ತೊಲಗಿತಲ್ಲ, ಇನ್ನು ಹುಡುಗಿ ದಾರಿಗೆ ಬರುತ್ತಾಳೆ ಎಂಬ ಉಸಿರು ಅದು. ಇಂದುಜಾಳಿಗೆ ಅದು ಬಾಗಿಲಾಚೆಯಿಂದಲೂ ಕೇಳುತ್ತಿತ್ತು.

ಆ ತಿಂಗಳೇ ಅನ್ನೂರಿನ ಶೆಡ್ಡಿನಲ್ಲಿ ಹಾಲು ಉಕ್ಕಿಸಿದರು. ಬೆಳಗಿನ ಮುಹೂರ್ತ. ಶೆಡ್ಡಿನ ಸುತ್ತ ಒಣ ಹೊಲ, ಕಟಾವಾದ ಜೋಳದ ಕೂಳೆ, ಆಚೆ ರಸ್ತೆಯಲ್ಲಿ ಟೌನ್ ಬಸ್ಸಿನ ಹಾರನ್ನು. ಹೊಸ ಸಿಮೆಂಟಿನ ವಾಸನೆಯ ನಡುವೆ ಲಕ್ಷ್ಮಿಯಮ್ಮಾಳ್ ಮೂರು ಇಟ್ಟಿಗೆಯ ಮೇಲೆ ಪಾತ್ರೆ ಇಟ್ಟರು. ನೆಂಟರಿಷ್ಟರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಮಿಷನ್ ಕೊಡುವ ಅಂಗಪ್ಪನ್ ಕೂಡ ಬಿಳಿ ಪಂಚೆ ಉಟ್ಟು ಬಂದಿದ್ದ. ಹಣೆಯ ತುಂಬ ವಿಭೂತಿ.

ಹಾಲು ಉಕ್ಕಿ, ಎಲ್ಲರ ಕೈಗೂ ಲೋಟ ಬಂದ ಮೇಲೆ ಅಂಗಪ್ಪನ್ ತಮಿಳಿನಲ್ಲಿ ಕೇಳಿದ, ಮಿಷನ್ ನಡೆಸುವುದನ್ನು ಕಲಿಸಲು ಆಳು ಕಳಿಸುತ್ತೇನೆ, ಕಲಿಯುವವರು ಯಾರು ಎಂದು. ಮಾರಪ್ಪನ್ ಹೆಮ್ಮೆಯಿಂದ ಮಗಳ ಕಡೆ ಕೈ ತೋರಿಸಿದರು.

"ಇವ್ಳೇ. ಮೊದ್ಲು ಒಂದ್ ಕೆಲ್ಸ ಇತ್ತು ಕೈಯಲ್ಲಿ, ಈಗ ಅದೂ ಇಲ್ಲ." ನಂತರ ಅವಳತ್ತ ತಿರುಗಿ, ಮನೆಮಾತಿನಲ್ಲಿ, ಮೆತ್ತಗೆ ಕೇಳಿದರು. "ಏನ್ ಅಮ್ಮಿಣಿ, ಅಂಗಪ್ಪನ್ ಬೇಕಾದ್ರೆ ಹೇಳಿದ್ ದಿನಕ್ಕಿಂತ ಸೀಕ್ರಮೇ ಮಿಷನ್ ತರಿಸ್ತಾನಂತೆ. ಯಾವಾಗಿಂದ ಬರ್ತೀಯ?"

"ಮೂರ್ ವರ್ಷ ಆಗ್ತೈತಪ್ಪಾ," ಎಂದಳು ಇಂದುಜಾ.

ಮಾರಪ್ಪನ್ ನಕ್ಕರು. ತಮಾಷೆಯೆಂದುಕೊಂಡರು. ಅವಳ ಮುಖ ನೋಡಿ ನಗು ನಿಲ್ಲಿಸಿದರು.

"ಆಟ ಹೋಯ್ತಲ್ಲ, ಇಂದೂ," ಎಂದ ಗೋಪಿನಾಥ್ ನಡುವೆ ಬಂದು. "ಬೇರೆಯವ್ರಿಗ್ ಕೊಟ್ಬಿಟ್ರು. ನೀನ್ ಮುಗ್ಸಿದ್ರೂ ಕಾಸಿಗ್ ವಿಕ್ಕೋಕಾಗಲ್ಲ. ಒಬ್ರಿಗೆ ತೋರ್ಸೋಕೂ ಆಗಲ್ಲ. ಇನ್ ಯಾತಕ್ ಮೂರ್ ವರ್ಷ?"

"ನಾನ್ ಹೇಳಿದ್ ಮೂರ್ ವರ್ಷ ಅವ್ರು ಪರ್ಮಿಷನ್ ಕೊಡ್ತಾರೆ ಅಂತ ಅಲ್ಲ. ಆ ವೇಲೆ ಮಾಡಿ ಮುಗ್ಸೋಕೆ ಅಷ್ಟ್ ಹಿಡೀತೈತೆ ಅಂತ. ಯಾರಿಗೂ ಬೇಡ್ದಿದ್ರೂ ಅಷ್ಟೇ ಹಿಡೀತೈತೆ."

"ಆರ್ಡರ್ ಇಲ್ದೆ ಯಾರಮ್ಮ ವೇಲೆ ಮಾಡ್ತಾರೆ?" ಎಂದರು ಮಾರಪ್ಪನ್. ಆ ದನಿಯಲ್ಲಿ ಗದರಿಕೆ ಇರಲಿಲ್ಲ. ಕೇಳುವವನು ಇಲ್ಲದೆ ಜೀವಮಾನದಲ್ಲಿ ಒಂದು ತೋಳೂ ಹೊಲಿಸದ ಮನುಷ್ಯ ಅವರು. ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದರು.

"ನಾನ್ ಮಾಡ್ತೀನಿ."

ಲೋಟ ಹಿಡಿದ ನೆಂಟರು ಲೋಟದೊಳಗೇ ಕಣ್ಣು ನೆಟ್ಟರು. ಅಂಗಪ್ಪನ್ ಯಾರ ಮುಖ ನೋಡಬೇಕೆಂದು ತಿಳಿಯದೆ ಶೆಡ್ಡಿನ ತಗಡಿನ ಮಾಡನ್ನು ನೋಡಿದ. ಇಂದುಜಾಳ ಲೋಟದ ಹಾಲು ತುಳುಕಿ ಬೆರಳು ಸುಟ್ಟಿತು. ಆದರೂ ಅವಳು ಲೋಟ ಕೆಳಗಿಡಲಿಲ್ಲ.

"ಆ ಮಿಷನ್ ತಾರೀಖ್ ಹಾಕಿದ್ದು ನೀವು. ನಡ್ಸೋರ್ನೂ ನೀವೇ ಹುಡ್ಕಿ. ನನ್ ತಾರೀಖ್ ಹಾಕೋಳು ನಾನು. ಇನ್ ಮೇಲೆ ಯಾರೂ ನನ್ನ ಯಾವಾಗ ಅಂತ ಕೇಳ್ಬೇಡಿ."

ಅವಳು ಹಾಲು ಪೂರ್ತಿ ಕುಡಿದು, ಲೋಟ ತೊಳೆದು ಇಟ್ಟಿಗೆಯ ಪಕ್ಕ ಕವುಚಿ, ಅಮ್ಮನಿಗೊಬ್ಬಳಿಗೇ ಹೋಗಿಬರುತ್ತೇನೆಂದು ಹೇಳಿ ರಸ್ತೆಗೆ ಬಂದಳು. ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆಂದು ಗೋಪಿನಾಥ್ ಹಿಂದಿನಿಂದ ಕೂಗಿದ. ಮನೆಯ ದಾರಿಯಲ್ಲೇ ಹೋಗುವ ಅವಿನಾಶಿ ಕಡೆಯ ಬಸ್ಸು ಬಂತು, ಹತ್ತಿದಳು. ಸಿಟ್ಟು ಇಳಿದಿರಲಿಲ್ಲ. ಊಟದ ಹೊತ್ತಿಗೆ ಮನೆ ಸೇರಿದರೆ ಐದನೆಯ ನದಿಗೆ ಕೂರಬಹುದಿತ್ತು.